‘ಲೆಟ್ ಇಟ್ ಬಿ’: ಒಂದೇ ಟೇಪು, ಹತ್ತು ಸಾಕ್ಷಿ. ಅಸಲಿ ಯಾವುದು?

ಸೂಜಿಮೊನೆ

ಮನೆ ಬದಲಾಯಿಸುವಾಗ ಅಟ್ಟದ ಪೆಟ್ಟಿಗೆಯಿಂದ ಮಾವನವರ ಕಾಲದ ರೆಕಾರ್ಡುಗಳು ಹೊರಬಂದವು. ಹೆಚ್ಚಿನವು ಹಳೆಯ ಚಿತ್ರಗೀತೆಗಳು, ಎರಡು ಹರಿಕಥೆ. ಅವುಗಳ ನಡುವೆ ದಾರಿ ತಪ್ಪಿ ಬಂದ ನೆಂಟನಂತೆ ಒಂದು ಕಪ್ಪು ಹೊದಿಕೆ: ನಾಲ್ಕು ಚೌಕ, ನಾಲ್ಕು ಮುಖ. ಇಂಗ್ಲೆಂಡಿನ ಹಾಡುತಂಡ ಬೀಟಲ್ಸ್‌ನ (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) ‘ಲೆಟ್ ಇಟ್ ಬಿ’. ಇದನ್ನು ಯಾಕೆ ಕೊಂಡಿರಿ ಎಂದು ಕೇಳಲು ಮಾವನವರು ಈಗ ಇಲ್ಲ.

ನನ್ನ ಕಿವಿ ಪಳಗಿದ್ದು 2003ರ ‘ಲೆಟ್ ಇಟ್ ಬಿ... ನೇಕೆಡ್’ ಸಿ.ಡಿ.ಯಲ್ಲಿ. ಹಾಗಾಗಿ ಈ ತಟ್ಟೆಯ ಮೇಲೆ ಸೂಜಿ ಇಟ್ಟು ‘ದಿ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಬರುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಪಿಟೀಲುಗಳ ಮಳೆ, ಹೆಂಗಸರ ಕೋರಸ್, ಕೊನೆಯಲ್ಲಿ ಹಾರ್ಪ್ ತಂತಿಗಳ ಜುಳುಜುಳು. ನನಗೆ ಗೊತ್ತಿದ್ದ ಹಾಡಿನಲ್ಲಿ ಒಬ್ಬ ಮನುಷ್ಯ ಪಿಯಾನೋ ಮುಂದೆ ಒಂಟಿಯಾಗಿ ಕುಳಿತಿದ್ದ. ಇಲ್ಲಿ ಅವನ ಸುತ್ತ ಮದುವೆ ದಿಬ್ಬಣವೇ ನೆರೆದಿದೆ.

ಕಥೆಯ ಹೊರಮೈ ಗೊತ್ತಿದೆ. ಫಿಲ್ ಸ್ಪೆಕ್ಟರ್ ಎಂಬ ಅಮೆರಿಕದ ಸಂಗೀತ ನಿರ್ಮಾಪಕ, ಹಾಡು ಬರೆದ ಪಾಲ್ ಮೆಕಾರ್ಟ್ನಿಗೆ ತಿಳಿಸದೆ ವಾದ್ಯವೃಂದ ಸೇರಿಸಿದ, ಪಾಲ್ ಕುದಿದುಹೋದರು, ಮೂವತ್ತಮೂರು ವರ್ಷಗಳ ನಂತರ ಅದನ್ನೆಲ್ಲ ಕಿತ್ತುಹಾಕಿಸಿದರು. ಆದರೆ ಎರಡು ದಿನ ಕುಳಿತು ಓದಿದ ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗುತ್ತಿಲ್ಲ. ಇಲ್ಲಿ ಬಲ್ಲವರಿದ್ದೀರಿ. ನಡೆದದ್ದೇನು?

ಲೆಕ್ಕದ ಪುಸ್ತಕ

ಮೊದಲು ಒಂದು ತಪ್ಪು ಕಲ್ಪನೆ ಕಳೆದುಕೊಳ್ಳಿ. ಈ ಆಲ್ಬಮ್ಮನ್ನು ಹಾಳುಮಾಡಿದವರ ಅಥವಾ ಉಳಿಸಿದವರ ಸಾಲಿನಲ್ಲಿ ಸ್ಪೆಕ್ಟರ್ ಮೊದಲಿಗನಲ್ಲ.

1969ರ ಜನವರಿ 2ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಚಿತ್ರ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಹೊಸ ಹಾಡುಗಳನ್ನು ಅಭ್ಯಾಸ ಮಾಡುವುದು, ಆಮೇಲೆ ಜನರ ಮುಂದೆ ನುಡಿಸುವುದು, ಇದಿಷ್ಟನ್ನೂ ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಚಿತ್ರೀಕರಿಸುವುದು: ಅಂದುಕೊಂಡದ್ದು ಹೀಗೆ. ಒಂದರ ಮೇಲೊಂದು ಪದರ ಹಚ್ಚುವ ಸ್ಟುಡಿಯೋ ಕುಸುರಿ ಬೇಡ, ನಾಲ್ವರೂ ಕೂತು ನುಡಿಸಿದ್ದೇ ಸಂಗೀತ ಎಂಬುದು ನಿಯಮ. ಈ ನಿಯಮಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಅಂಟಿಕೊಂಡವರು ಜಾನ್ ಲೆನನ್. ನಿಮ್ಮ ನಿರ್ಮಾಣದ ಚಮತ್ಕಾರ ನಮಗೆ ಬೇಡ, ಇದು ಪ್ರಾಮಾಣಿಕ ಆಲ್ಬಮ್ ಆಗಬೇಕು ಎಂದು ಲೆನನ್ ತಮಗೆ ಹೇಳಿದ್ದನ್ನು ತಂಡದ ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕೊನೆಯವರೆಗೂ ನೆನೆಯುತ್ತಿದ್ದರು.

ಜನವರಿ 10ರಂದು ಜಾರ್ಜ್ ಹ್ಯಾರಿಸನ್ ಎದ್ದು ಹೋದರು. ಸಂಧಾನವಾಗಿ ಮರಳಿ ಬಂದಾಗ ತಂಡ ಸ್ಯಾವಿಲ್ ರೋ 3ನೇ ನಂಬರಿನಲ್ಲಿದ್ದ, ತಂಡದ ಸ್ವಂತ ಕಂಪನಿ ಆ್ಯಪಲ್‌ನ ಕಟ್ಟಡದ ನೆಲಮಾಳಿಗೆಗೆ ಸ್ಥಳಾಂತರಗೊಂಡಿತ್ತು. ಅಲ್ಲಿ ಕಟ್ಟಿಸಿದ್ದ ಸ್ಟುಡಿಯೋ ಕೆಲಸಕ್ಕೆ ಬಾರದ್ದೆಂದು ತಿಳಿದು ಮಾರ್ಟಿನ್ ರೆಕಾರ್ಡ್ ಕಂಪನಿ ಇ.ಎಂ.ಐ.ನಿಂದ ಯಂತ್ರಗಳನ್ನು ಎರವಲು ತರಿಸಬೇಕಾಯಿತು. 22ರಂದು ಬಿಲ್ಲಿ ಪ್ರೆಸ್ಟನ್ ಕೀಬೋರ್ಡಿಗೆ ಬಂದು ಕುಳಿತ ಮೇಲೆ ಎಲ್ಲರ ಮುಖ ಅರಳಿತು. 30ರಂದು ತಾರಸಿಯ ಮೇಲೆ ಆ ಪ್ರಸಿದ್ಧ 42 ನಿಮಿಷ.

ಟೇಪುಗಳ ರಾಶಿಯನ್ನು ಎಂಜಿನಿಯರ್ ಗ್ಲಿನ್ ಜಾನ್ಸ್ ಕೈಗೆ ಕೊಟ್ಟರು. ಅವರು 1969ರ ಮೇ ಹೊತ್ತಿಗೆ ‘ಗೆಟ್ ಬ್ಯಾಕ್’ ಹೆಸರಿನಲ್ಲಿ ಒಂದು ಆಲ್ಬಮ್ ಕಟ್ಟಿಕೊಟ್ಟರು, ಒಪ್ಪಲಿಲ್ಲ. 1970ರ ಜನವರಿಯಲ್ಲಿ ಇನ್ನೊಂದನ್ನು ಕಟ್ಟಿದರು, ಅದನ್ನೂ ಒಪ್ಪಲಿಲ್ಲ. ಸ್ಪೆಕ್ಟರ್ ಬಂದದ್ದು ಇದಾದ ಮೇಲೆ, ಅದೇ ವರ್ಷದ ಮಾರ್ಚ್ ಕೊನೆಯಲ್ಲಿ. ಅಷ್ಟರಲ್ಲಿ ತಂಡದ ಇನ್ನೊಂದು ಆಲ್ಬಮ್ ‘ಆ್ಯಬಿ ರೋಡ್’ ಧ್ವನಿಮುದ್ರಣಗೊಂಡು, ಮಾರುಕಟ್ಟೆಗೆ ಬಂದು ಆರು ತಿಂಗಳಾಗಿತ್ತು.

ಎರಡನೇ ಮಗ್ಗುಲು

ನಾನು ಮೆಕಾರ್ಟ್ನಿ ಪಕ್ಷ, ಮುಚ್ಚುಮರೆ ಇಲ್ಲ. ಬರೆದವನನ್ನು ಕೇಳದೆ ಅವನ ಹಾಡಿಗೆ ಸಕ್ಕರೆ ಪಾಕ ಸುರಿಯುವುದು ಅಪರಾಧ. ಜಾರ್ಜ್ ಮಾರ್ಟಿನ್ ಹೇಳಿದ ಮಾತು ಗೊತ್ತೇ ಇದೆ: ನಿರ್ಮಾಣ ಜಾರ್ಜ್ ಮಾರ್ಟಿನ್, ಅತಿನಿರ್ಮಾಣ ಫಿಲ್ ಸ್ಪೆಕ್ಟರ್ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಬೇಕಿತ್ತಂತೆ. ಇದಕ್ಕಿಂತ ಹೆಚ್ಚು ಏನು ಬೇಕು?

ಪಕ್ಕವಾದ್ಯ

ಇಪ್ಪತ್ತು ವರ್ಷಗಳಿಂದ ಪಿಟೀಲು ಹಿಡಿದು, ಬೇರೆಯವರ ಹಾಡಿಗೆ ಕೂಲಿಗೆ ನುಡಿಸಿ ಬಂದವನು ನಾನು. ಈ ಚರ್ಚೆಯಲ್ಲಿ ಪ್ರತಿ ಸಲವೂ ಪಿಟೀಲುಗಳೇ ಅಪರಾಧಿಗಳಾಗಿ ಕಟಕಟೆಯಲ್ಲಿ ನಿಲ್ಲುತ್ತವೆ. ಆದ್ದರಿಂದ ಅವುಗಳ ಪರವಾಗಿ ಎರಡು ಮಾತು.

1970ರ ಏಪ್ರಿಲ್ 1ರ ಸಂಜೆ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 18 ಪಿಟೀಲು, 4 ವಯೋಲಾ, 4 ಚೆಲ್ಲೋ, ಒಂದು ಹಾರ್ಪ್, ತುತ್ತೂರಿಗಳು, ಟ್ರಾಂಬೋನುಗಳು, ಗಿಟಾರುಗಳು, 14 ಮಂದಿ ಗಾಯಕಿಯರು. ಡ್ರಮ್ಸ್ ಮುಂದೆ ರಿಂಗೋ ಸ್ಟಾರ್. ಬೀಟಲ್ಸ್ ಆಲ್ಬಮ್ಮಿಗಾಗಿ ತಂಡದ ಸದಸ್ಯರೊಬ್ಬರು ನುಡಿಸಿದ ಕೊನೆಯ ದಿನ ಅದು. ಸ್ಪೆಕ್ಟರ್ ಅಂದು ಎಲ್ಲರ ತಾಳ್ಮೆಯನ್ನೂ ಪರೀಕ್ಷಿಸಿದನಂತೆ. ಎಂಜಿನಿಯರ್ ಪೀಟರ್ ಬೌನ್ ಸಿಟ್ಟಿನಿಂದ ಮನೆಗೆ ಹೊರಟುಹೋದರು, ಅವರನ್ನು ಸಮಾಧಾನ ಮಾಡಿ ಕರೆತರಬೇಕಾಯಿತು. ವಾದಕರೂ ಮುನಿಸಿಕೊಂಡಿದ್ದರು. ಸ್ಪೆಕ್ಟರನನ್ನು ಪಕ್ಕಕ್ಕೆ ಕರೆದು ತಣ್ಣಗಾಗಲು ಹೇಳಿದವರು ರಿಂಗೋ.

ಈಗ ನನ್ನ ಪ್ರಶ್ನೆ. ಆ ಸ್ವರಗಳನ್ನು ಬರೆದವರು ಯಾರು? ಸ್ಪೆಕ್ಟರ್ ಅಲ್ಲ. ರಿಚರ್ಡ್ ಹ್ಯೂಸನ್ ಎಂಬ ಸಂಯೋಜಕರು. 1968ರಲ್ಲಿ ಮೇರಿ ಹಾಪ್ಕಿನ್ ಹಾಡಿದ ‘ದೋಸ್ ವರ್ ದಿ ಡೇಸ್’ ಹಾಡಿಗೆ ವಾದ್ಯಸಂಯೋಜನೆ ಮಾಡಿದವರೂ ಅವರೇ. ಆ ಹಾಡಿನ ನಿರ್ಮಾಪಕರು ಯಾರು ಗೊತ್ತೇ? ಪಾಲ್ ಮೆಕಾರ್ಟ್ನಿ.

ಎರಡನೇ ಮಗ್ಗುಲು

ಅದರಿಂದ ಏನು ಸಾಬೀತಾಯಿತು? ನನ್ನ ಮನೆಗೆ ಬರುವ ಬಡಗಿಯನ್ನೇ ಕರೆದುಕೊಂಡು ಬಂದು, ನಾನಿಲ್ಲದಾಗ ನನ್ನ ಬಾಗಿಲು ಕೊಯ್ದರೆ ನಾನು ಸುಮ್ಮನಿರಬೇಕೇ?

ಪಕ್ಕವಾದ್ಯ

ಸುಮ್ಮನಿರಬೇಡಿ. ಆದರೆ ಬಾಗಿಲು ಕೊಯ್ದದ್ದಕ್ಕೆ ಬೈಯಿರಿ, ಗರಗಸಕ್ಕೆ ಬೈಯಬೇಡಿ. ತಮ್ಮದೇ ‘ರಾಮ್’ ಆಲ್ಬಮ್ಮಿನ ಹಾಡುಗಳನ್ನೆಲ್ಲ ವಾದ್ಯವೃಂದಕ್ಕೆ ಅಳವಡಿಸಿ ‘ತ್ರಿಲ್ಲಿಂಗ್‌ಟನ್’ ಮಾಡಿಸಿದಾಗ ಮೆಕಾರ್ಟ್ನಿ ಆ ಕೆಲಸ ಒಪ್ಪಿಸಿದ್ದು ಇದೇ ಹ್ಯೂಸನ್ನರಿಗೆ. ಧ್ವನಿಮುದ್ರಣ ನಡೆದದ್ದು 1971ರಲ್ಲಿ, ಅಂದರೆ ಏಪ್ರಿಲ್ 1ರ ಆ ಘೋರ ಅಪರಾಧದ ಮರುವರ್ಷ!

ಸೂಜಿಮೊನೆ

ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಪಾಲ್‌ಗೆ ಕೋಪ ಬಂದದ್ದು ಯಾವುದಕ್ಕೆ?

ಲೆಕ್ಕದ ಪುಸ್ತಕ

ಅವರೇ ಬರೆದ ಪತ್ರ ಇದೆಯಲ್ಲ. 1970ರ ಏಪ್ರಿಲ್ 14ರಂದು ವ್ಯವಸ್ಥಾಪಕ ಅಲೆನ್ ಕ್ಲೈನ್‌ಗೆ ಬರೆದದ್ದು. ಈ ಜಗಳದಲ್ಲಿ ನೆನಪಿನಿಂದ ಹುಟ್ಟದೆ ಆ ಹೊತ್ತಿಗೇ ಕಾಗದಕ್ಕೆ ಇಳಿದ ಸಾಕ್ಷಿಗಳು ಕೆಲವೇ. ಅವುಗಳಲ್ಲಿ ಇದು ಮುಖ್ಯ. ಅದರಲ್ಲಿ ನಾಲ್ಕು ಬೇಡಿಕೆಗಳಿವೆ. ತಂತಿವಾದ್ಯ, ಕಹಳೆ, ಕೋರಸ್ಸು, ಸೇರಿಸಿದ ಸದ್ದುಗಳೆಲ್ಲವನ್ನೂ ತಗ್ಗಿಸಬೇಕು. ಹಾಡುವ ದನಿ ಮತ್ತು ಬೀಟಲ್ಸ್ ವಾದ್ಯಗಳನ್ನು ಏರಿಸಬೇಕು. ಹಾಡಿನ ಕೊನೆಯ ಹಾರ್ಪನ್ನು ಪೂರ್ತಿ ತೆಗೆದು ಅಲ್ಲಿ ಮೂಲ ಪಿಯಾನೋ ಸ್ವರಗಳನ್ನು ಇಡಬೇಕು. ನಾಲ್ಕನೆಯದು, ಇನ್ನು ಮುಂದೆ ಹೀಗೆ ಎಂದಿಗೂ ಮಾಡಬಾರದು.

ಇನ್ನೊಮ್ಮೆ ಓದಿ. ಪಿಟೀಲು ತೆಗೆಯಿರಿ ಎಂದು ಎಲ್ಲೂ ಇಲ್ಲ. ತಗ್ಗಿಸಿ ಎಂದಿದೆ, ಅಷ್ಟೇ. ತೆಗೆಯಬೇಕು ಎಂದದ್ದು ಹಾರ್ಪ್ ಒಂದನ್ನೇ. ವಾದ್ಯವೃಂದವೇ ಅಸಹ್ಯ, ಕೋರಸ್ಸೇ ಅಪಚಾರ ಎಂಬ ಕಥೆ ಬೆಳೆದದ್ದು ಆಮೇಲೆ, ವರ್ಷಕ್ಕೊಂದು ಗೇಣಿನಂತೆ.

ಧ್ವನಿಪೆಟ್ಟಿಗೆ

ಆ ಪತ್ರಕ್ಕೆ ಯಾರೂ ಉತ್ತರಿಸಲಿಲ್ಲ ಎಂಬುದು ಪಾಲ್ ಕಡೆಯ ಕಥೆ. ಕ್ಲೈನ್ ಕಡೆಯ ಕಥೆಯೇ ಬೇರೆ: ಫೋನ್ ಮಾಡಲು ಹೋದರೆ ಪಾಲ್ ನಂಬರು ಬದಲಾಯಿಸಿ ಆ್ಯಪಲ್‌ಗೆ ತಿಳಿಸಿರಲಿಲ್ಲ, ಸ್ಪೆಕ್ಟರನಿಗೋ ತಮಗೋ ಫೋನ್ ಮಾಡಿ ಎಂದು ತಂತಿ ಕಳಿಸಿದರೆ ‘ಪತ್ರದಲ್ಲೇ ಎಲ್ಲವೂ ಇದೆ’ ಎಂಬ ಅರ್ಥದ ಮರುಮಾತು ಬಂತು, ಅಷ್ಟರಲ್ಲಿ ಆಲ್ಬಮ್ ಅಚ್ಚಿಗೆ ಹೋಗಬೇಕಿತ್ತು.

ರಿಂಗೋ ಹೇಳುವುದು ಮೂರನೆಯ ಕಥೆ. ಸ್ಪೆಕ್ಟರ್ ಎಲ್ಲರಿಗೂ ಪ್ರತಿ ಕಳಿಸಿದ್ದ, ತಾನು ಫೋನಿನಲ್ಲಿ ಕೇಳಿದಾಗ ಪರವಾಗಿಲ್ಲ ಎಂದ ಪಾಲ್, ಎರಡು ವಾರ ಬಿಟ್ಟು ಬೇಡವೆಂದರು ಎಂದು.

ನಾನು ಯಾರನ್ನೂ ಸುಳ್ಳುಗಾರರೆನ್ನುವುದಿಲ್ಲ. ಆ ಎರಡು ವಾರಗಳಲ್ಲಿ ಏನೇನಾಯಿತು ನೋಡಿ. ಪಾಲ್ ತಮ್ಮ ಸ್ವಂತ ಆಲ್ಬಮ್ ‘ಮೆಕಾರ್ಟ್ನಿ’ಯನ್ನು ಏಪ್ರಿಲ್ 17ಕ್ಕೆ ಬಿಡುಗಡೆ ಮಾಡಲು ಹೊರಟಿದ್ದರು. ಅದು ‘ಲೆಟ್ ಇಟ್ ಬಿ’ಗೆ ಅಡ್ಡ ಬರುತ್ತದೆ, ಮುಂದೂಡು ಎಂದು ಜಾನ್ ಮತ್ತು ಜಾರ್ಜ್ ಪತ್ರ ಬರೆದರು. ಪತ್ರದ ದಿನಾಂಕ ಮಾರ್ಚ್ 31. ಅಂಚೆಗೆ ಹಾಕುವುದು ಚೆನ್ನಾಗಿರುವುದಿಲ್ಲ ಎಂದು ರಿಂಗೋ ತಾವೇ ಹಿಡಿದುಕೊಂಡು ಪಾಲ್ ಮನೆಗೆ ಹೋದರು. ಪಾಲ್ ಬೆರಳು ತೋರಿಸಿ ಕೂಗಾಡಿ ಅವರನ್ನು ಹೊರಗೆ ಕಳಿಸಿದರು. ಆ ಪತ್ರದ ಮರುದಿನವೇ ಏಪ್ರಿಲ್ 1. ರಿಂಗೋ ಪಾಲ್ ಹಾಡಿಗೆ ಡ್ರಮ್ಸ್ ನುಡಿಸುತ್ತಾರೆ, ಪಾಲ್‌ಗೆ ಅದು ಗೊತ್ತೇ ಇಲ್ಲ. ಏಪ್ರಿಲ್ 10ರಂದು ಪಾಲ್ ತಂಡ ಬಿಟ್ಟ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. 14ರಂದು ಈ ಪತ್ರ.

ಪಾಲು ಪಟ್ಟಿ ನಡೆಯುತ್ತಿರುವ ಮನೆಯಲ್ಲಿ ಒಂದು ಹಾರ್ಪ್ ಬರೀ ಹಾರ್ಪ್ ಆಗಿ ಉಳಿಯುವುದಿಲ್ಲ. 1970ರ ಕೊನೆಯ ದಿನ ಪಾಲ್ ಪಾಲುದಾರಿಕೆ ಮುರಿಯಲು ಲಂಡನ್ನಿನ ಹೈಕೋರ್ಟಿಗೆ ಹೋದಾಗ ಕೊಟ್ಟ ಕಾರಣಗಳಲ್ಲಿ ಈ ಹಾಡಿಗೆ ಮಾಡಿದ್ದೂ ಒಂದಾಗಿತ್ತು. ವಕೀಲರ ಕೈಗೆ ಹೋದ ನೆನಪು ಮೊದಲಿನ ನೆನಪಾಗಿ ಹಿಂತಿರುಗುತ್ತದೆಯೇ?

ಎರಡನೇ ಮಗ್ಗುಲು

ಈ ಮಾತು ಒಪ್ಪಿದೆ. ಆದರೆ ಜಾನ್ ಬಗ್ಗೆ ಯಾಕೆ ಯಾರೂ ಬಾಯಿ ಬಿಡುತ್ತಿಲ್ಲ? ‘ಪ್ರಾಮಾಣಿಕ ಆಲ್ಬಮ್’ ಎಂದು ಮಾರ್ಟಿನ್ ಅವರನ್ನು ದೂರವಿಟ್ಟವರೇ, ಒಂದು ವರ್ಷದ ನಂತರ ಟೇಪುಗಳನ್ನು ಒಯ್ದು ಜಗತ್ತಿನ ಅತಿ ದೊಡ್ಡ ಅಲಂಕಾರಪ್ರಿಯನ ಮಡಿಲಿಗೆ ಹಾಕಿದರು!

ಲೆಕ್ಕದ ಪುಸ್ತಕ

ಅದಕ್ಕೂ ಹಿನ್ನೆಲೆ ಇದೆ. 1970ರ ಜನವರಿ 27ರಂದು ಜಾನ್ ತಮ್ಮ ಸ್ವಂತ ಹಾಡು ‘ಇನ್‌ಸ್ಟಂಟ್ ಕರ್ಮ’ವನ್ನು ಸ್ಪೆಕ್ಟರನೊಂದಿಗೆ ಒಂದೇ ದಿನದಲ್ಲಿ ಮುಗಿಸಿದರು. ಹತ್ತೇ ದಿನಕ್ಕೆ ಅದು ಅಂಗಡಿಯಲ್ಲಿತ್ತು. ಒಂದು ವರ್ಷದಿಂದ ಕೊಳೆಯುತ್ತಿದ್ದ ಟೇಪುಗಳನ್ನು ಈ ವೇಗದ ಮನುಷ್ಯನಿಗೆ ಕೊಡೋಣ ಎಂದು ಜಾನ್‌ಗೂ ಜಾರ್ಜ್‌ಗೂ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಜಾನ್ ಹೇಳಿದ್ದರ ತಿರುಳು: ಕೆಟ್ಟದಾಗಿ ಮುದ್ರಿಸಿದ, ಯಾರಿಗೂ ಬೇಡವಾದ ಕಸದ ರಾಶಿಯಿಂದ ಸ್ಪೆಕ್ಟರ್ ಏನನ್ನೋ ಮಾಡಿಕೊಟ್ಟ.

ಅದೇ ಜಾನ್, ಗ್ಲಿನ್ ಜಾನ್ಸ್ ಕಟ್ಟಿದ ಒರಟು ಆವೃತ್ತಿಯೇ ಹೊರಬರಲಿ ಎಂದು ತಮಗಿತ್ತು, ಪ್ಯಾಂಟು ಬಿಚ್ಚಿ ನಿಂತ ನಮ್ಮನ್ನು ನೋಡಿ ಜನರ ಭ್ರಮೆ ಹರಿಯಲಿ ಎಂದುಕೊಂಡಿದ್ದೆ ಎಂದೂ ಹೇಳಿದ್ದಾರೆ. ಎರಡೂ ಮಾತುಗಳನ್ನು ನಂಬುವುದು ಕಷ್ಟ. ಎರಡನ್ನೂ ಒಂದೇ ಬಾಯಿ ಆಡಿದೆ.

ಪಕ್ಕವಾದ್ಯ

ಗ್ಲಿನ್ ಜಾನ್ಸ್ ಬಗ್ಗೆ ನನಗೆ ಕನಿಕರ. ನಿರ್ಮಾಪಕ ಎಂದು ಹೆಸರು ಹಾಕಿ ಸಾಕು, ಗೌರವಧನ ಬೇಡ ಎಂದು ಕೇಳಿದರಂತೆ. ಉಳಿದವರು ಒಪ್ಪಿದರೂ, ದುಡ್ಡು ಬೇಡ ಎನ್ನುವವನ ಮೇಲೆ ಜಾನ್‌ಗೆ ಅನುಮಾನ ಬಂತಂತೆ. ಕೊನೆಗೆ ಹೆಸರೂ ಇಲ್ಲ. ಸ್ಪೆಕ್ಟರ್ ಮಾಡಿದ್ದರ ಬಗ್ಗೆ ಅವರು ಮುಂದೆ ಬಳಸಿದ ಮಾತನ್ನು ಊಟದ ಹೊತ್ತಿನಲ್ಲಿ ಹೇಳಲಾಗದು.

ಅವರು ಕಟ್ಟಿದ್ದು ಕೊನೆಗೂ 2021ರ ಅಕ್ಟೋಬರಿನಲ್ಲಿ, ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಶ್ರಣ ಮಾಡಿದ ದೊಡ್ಡ ಪೆಟ್ಟಿಗೆಯೊಳಗೆ ಅಧಿಕೃತವಾಗಿ ಬಂತು. ಹರಟೆ, ತಪ್ಪಿದ ಆರಂಭ, ನಗು, ಸಡಿಲ ತಂತಿ ಎಲ್ಲವೂ ಇವೆ. ನನಗೆ ಅದು ಪ್ರೀತಿಯ ತಟ್ಟೆ, ಆದರೆ ಎರಡನೇ ಸಲ ಕೇಳಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಒಳ್ಳೆಯ ಕಛೇರಿಯ ಮುಂಚಿನ ಶ್ರುತಿ ಕೂಡಿಸುವ ಸದ್ದನ್ನು ನಲವತ್ತು ನಿಮಿಷ ಕೇಳಿದಂತೆ.

ಮಲೆನಾಡಿನ ರೇಡಿಯೋ

ಸ್ವಲ್ಪ ಅಡ್ಡ ಮಾತು, ಕ್ಷಮಿಸಿ. ಇದೇ ಆಲ್ಬಮ್ಮಿನ ‘ಅಕ್ರಾಸ್ ದಿ ಯೂನಿವರ್ಸ್’ ಹಾಡಿನಲ್ಲಿ ಬರುವ ‘ಜೈ ಗುರುದೇವ’ ಯಾರ ಬಗ್ಗೆ? ಚಿಕ್ಕಂದಿನಲ್ಲಿ ಇದನ್ನು ರೇಡಿಯೋದಲ್ಲಿ ಕೇಳಿ, ಇಂಗ್ಲಿಷರು ನಮ್ಮೂರಿನ ಮಠದ ಭಜನೆಗೆ ಬಂದು ಹೋಗಿದ್ದಾರೆಂದು ನಂಬಿದ್ದೆ.

ಲೆಕ್ಕದ ಪುಸ್ತಕ

ಮಹರ್ಷಿ ಮಹೇಶ ಯೋಗಿಯವರ ಗುರು ಬ್ರಹ್ಮಾನಂದ ಸರಸ್ವತಿಯವರು. ಜ್ಯೋತಿರ್ಮಠದ ಶಂಕರಾಚಾರ್ಯರು. ಶೃಂಗೇರಿಯಂತೆಯೇ ಅದೂ ಶಂಕರರ ನಾಲ್ಕು ಪೀಠಗಳಲ್ಲೊಂದು. ನಿಮ್ಮ ನಂಬಿಕೆ ನಾಲ್ಕರಲ್ಲಿ ಒಂದಂಶ ದೂರ ಇತ್ತು, ಅಷ್ಟೇ.

ಈ ಹಾಡಿನ ಪಾಡು ಕೇಳಿದರೆ ‘ಲಾಂಗ್ ಅಂಡ್ ವೈಂಡಿಂಗ್’ ಜಗಳವೇ ಚಿಕ್ಕದೆನಿಸುತ್ತದೆ. ಇದು 1969ರ ಜನವರಿಯದಲ್ಲ. 1968ರ ಫೆಬ್ರವರಿ 4ರದು. ಹೆಣ್ಣುದನಿ ಬೇಕೆನಿಸಿದಾಗ ಸ್ಟುಡಿಯೋ ಹೊರಗೆ ಕಾಯುತ್ತಿದ್ದ ಅಭಿಮಾನಿಗಳಲ್ಲಿ ಇಬ್ಬರು ಹುಡುಗಿಯರನ್ನು ಒಳಗೆ ಕರೆದು ಹಾಡಿಸಿದರು. 1969ರ ಡಿಸೆಂಬರಿನಲ್ಲಿ ವನ್ಯಜೀವಿ ನಿಧಿಗಾಗಿ ತಂದ ಸಂಗ್ರಹದಲ್ಲಿ ಹಕ್ಕಿಗಳ ಸದ್ದು ಸೇರಿಸಿ, ಟೇಪಿನ ವೇಗ ಏರಿಸಿ ಬಿಟ್ಟರು. ಸ್ಪೆಕ್ಟರ್ ಹಕ್ಕಿಗಳನ್ನೂ ಹುಡುಗಿಯರನ್ನೂ ಓಡಿಸಿ, ವೇಗ ಇಳಿಸಿ, ವಾದ್ಯವೃಂದ ಹಚ್ಚಿದ. ‘ನೇಕೆಡ್’ನಲ್ಲಿ ಅದೂ ಹೋಗಿ ಜಾನ್, ಗಿಟಾರು, ತಂಬೂರಿ ಉಳಿದವು. ಹಾಡು ಹಾಡಿದ್ದು ಒಮ್ಮೆ, ಬಟ್ಟೆ ಬದಲಿಸಿದ್ದು ಮೂರು ಸಲ. 1980ರಲ್ಲಿ ಜಾನ್ ಈ ಧ್ವನಿಮುದ್ರಣದ ಬಗ್ಗೆ ದೂರಿದಾಗ ಬೆರಳು ತೋರಿಸಿದ್ದು ಸ್ಪೆಕ್ಟರನತ್ತ ಅಲ್ಲ, ಪಾಲ್‌ನತ್ತ. ತನ್ನ ಒಳ್ಳೆಯ ಹಾಡುಗಳು ಬಂದಾಗ ಪಾಲ್ ಅರಿವಿಲ್ಲದೆಯೇ ಅವನ್ನು ಸಡಿಲ ಬಿಡುತ್ತಿದ್ದ ಎಂಬ ಆರೋಪ.

ಎರಡನೇ ಮಗ್ಗುಲು

ಅರಿವಿಲ್ಲದೆಯೇ! ‘ಲಾಂಗ್ ಅಂಡ್ ವೈಂಡಿಂಗ್ ರೋಡ್’ನಲ್ಲಿ ಬೇಸ್ ಗಿಟಾರ್ ನುಡಿಸಿದ್ದು ಯಾರು? ಜಾನ್. ಸ್ವರ ಎಷ್ಟು ಕಡೆ ಜಾರಿದೆ ಎಂದು 1996ರ ಹಳೆಯ ಟೇಪುಗಳ ಸಂಗ್ರಹ ‘ಆಂಥಾಲಜಿ 3’ರಲ್ಲಿ ಬಂದ ಬರಿಯ ಆವೃತ್ತಿ ಕೇಳಿ. ಅದು ಸಡಿಲ ಬಿಟ್ಟದ್ದಲ್ಲವೇ?

ಪಕ್ಕವಾದ್ಯ

ಈಗ ನೀವೇ ನನ್ನ ದಾರಿಗೆ ಬಂದಿರಿ. ಆ ಬೇಸ್ ಹಾಗಿದ್ದುದರಿಂದಲೇ ಮೇಲೆ ಕಂಬಳಿ ಹೊದಿಸಬೇಕಾಯಿತು ಎಂಬುದು ಸ್ಪೆಕ್ಟರ್ ಪರ ವಾದ.

ಧ್ವನಿಪೆಟ್ಟಿಗೆ

ಅರ್ಧ ಒಪ್ಪುತ್ತೇನೆ. ಸ್ಪೆಕ್ಟರ್ ಬಳಸಿದ್ದು ಜನವರಿ 26ರ ಧ್ವನಿಮುದ್ರಣ. ಜನವರಿ 31ರಂದು, ತಾರಸಿ ಕಛೇರಿಯ ಮರುದಿನ, ಇದೇ ಹಾಡನ್ನು ಕ್ಯಾಮೆರಾ ಮುಂದೆ ಹೆಚ್ಚು ಎಚ್ಚರದಿಂದ ನುಡಿಸಿದ್ದರು. ‘ನೇಕೆಡ್’ನಲ್ಲಿ ಇರುವುದು ಆ 31ರದು. ಅಂದರೆ ಸೂಜಿಮೊನೆಯವರು ಕೇಳಿದ ಎರಡು ಹಾಡುಗಳು ಒಂದೇ ಹಾಡಿನ ಅಲಂಕಾರವುಳ್ಳ ಮತ್ತು ಅಲಂಕಾರವಿಲ್ಲದ ರೂಪಗಳಲ್ಲ. ಬೇರೆ ಬೇರೆ ದಿನದ, ಬೇರೆ ಬೇರೆ ಹಾಡುಗಾರಿಕೆ. ಸ್ಪೆಕ್ಟರನ ಪದರ ಸುಲಿದರೆ ‘ನೇಕೆಡ್’ ಸಿಗುವುದಿಲ್ಲ. ‘ಆಂಥಾಲಜಿ 3’ ಸಿಗುತ್ತದೆ.

31ರದು ಕಪಾಟಿನಲ್ಲೇ ಇದ್ದಾಗ 26ರದನ್ನು ಯಾಕೆ ಆರಿಸಿದ? ಅದನ್ನು ಮೊದಲು ಆರಿಸಿದವರು ಗ್ಲಿನ್ ಜಾನ್ಸ್. ಅವರ ಪಟ್ಟಿಯಲ್ಲಿದ್ದುದೇ ಸ್ಪೆಕ್ಟರನ ಕೈಗೂ ಬಂತೆಂದು ನನ್ನ ಊಹೆ.

ಸೂಜಿಮೊನೆ

ಹಾಗಾದರೆ ‘ನೇಕೆಡ್’ ಅನ್ನುವುದೇ ಸುಳ್ಳು ಹೆಸರೇ?

ಧ್ವನಿಪೆಟ್ಟಿಗೆ

ಸುಳ್ಳೆನ್ನಲಾರೆ. ಅಳಿಯ ಅಲ್ಲ, ಮಗಳ ಗಂಡ.

ಆ್ಯಬಿ ರೋಡ್‌ನಲ್ಲಿ ಪಾಲ್ ಹಿಕ್ಸ್, ಗೈ ಮ್ಯಾಸಿ, ಅಲನ್ ರೌಸ್ ಸೇರಿ ಮಾಡಿದ ಕೆಲಸ ಅದು. ಕೆಲಸಗಾರಿಕೆಗೆ ನಾನು ತಲೆಬಾಗುತ್ತೇನೆ. ಸದ್ದು ಅಷ್ಟು ಹತ್ತಿರ, ಅಷ್ಟು ನಿಚ್ಚಳ. ಆದರೆ ‘ಡೋಂಟ್ ಲೆಟ್ ಮಿ ಡೌನ್’ ತಾರಸಿಯಲ್ಲಿ ಎರಡು ಸಲ ನುಡಿಸಿದ್ದನ್ನು ಕತ್ತರಿಸಿ ಹೊಲಿದ ಹಾಡು. ‘ಐ ಹ್ಯಾವ್ ಗಾಟ್ ಎ ಫೀಲಿಂಗ್’ ಕೂಡ ಹಾಗೆಯೇ. ಪದರ ಹಚ್ಚುವುದಿಲ್ಲ ಎಂಬ ನಿಯಮದ ಆಲ್ಬಮ್ಮಿನಲ್ಲಿ ‘ಐ ಮಿ ಮೈನ್’ ಪದರ ಹಚ್ಚಿದ ಹಾಡಾಗಿಯೇ ಉಳಿದಿದೆ. ಅದರ ತಮಾಷೆ ಇನ್ನೂ ಇದೆ. 1970ರ ಜನವರಿ 3ರಂದು ಪಾಲ್, ಜಾರ್ಜ್, ರಿಂಗೋ ಮೂವರೇ ಮುದ್ರಿಸಿದ್ದು ಒಂದೂವರೆ ನಿಮಿಷದ ಹಾಡು. ಜಾನ್ ಆಗ ಡೆನ್ಮಾರ್ಕಿನಲ್ಲಿದ್ದರು. ಒಂದು ಭಾಗವನ್ನು ಮರುಬಳಸಿ ಅದನ್ನು ಸುಮಾರು 2 ನಿಮಿಷ 25 ಸೆಕೆಂಡಿಗೆ ಹಿಗ್ಗಿಸಿದವನು ಸ್ಪೆಕ್ಟರ್. ಅವನನ್ನು ಅಳಿಸಲು ಹೊರಟ ‘ನೇಕೆಡ್’ ಆ ಹಿಗ್ಗಿಸುವಿಕೆಯನ್ನು ತೆಪ್ಪಗೆ ಉಳಿಸಿಕೊಂಡಿದೆ!

ಮಾತುಕತೆ, ಹರಟೆ, ‘ಡಿಗ್ ಇಟ್’, ‘ಮ್ಯಾಗಿ ಮೇ’ ಎಲ್ಲವನ್ನೂ ತೆಗೆದರು. ನನಗೆ ಅದೇ ದೊಡ್ಡ ನಷ್ಟ. ಕೋಣೆಯಲ್ಲಿ ಮನುಷ್ಯರಿದ್ದಾರೆ ಎನಿಸುತ್ತಿದ್ದುದು ಅವುಗಳಿಂದಲೇ.

ಎರಡನೇ ಮಗ್ಗುಲು

ಆ ಹರಟೆಯ ಬಗ್ಗೆ ಭಾವುಕರಾಗಬೇಡಿ. ಸ್ಪೆಕ್ಟರ್ ಆವೃತ್ತಿಯ ಕೊನೆಯಲ್ಲಿ ‘ಗೆಟ್ ಬ್ಯಾಕ್’ ಮುಗಿದ ಮೇಲೆ ಪರೀಕ್ಷೆ ಪಾಸಾದೆವೆಂದುಕೊಳ್ಳುತ್ತೇನೆ ಎಂದು ಜಾನ್ ತಮಾಷೆ ಮಾಡುತ್ತಾರಲ್ಲ, ಕೇಳಿದವರಿಗೆ ತಾರಸಿಯ ಗಾಳಿಯೇ ಮುಖಕ್ಕೆ ಬಡಿದಂತೆ. ಹಾಡು ಮಾತ್ರ ತಾರಸಿಯದಲ್ಲ. ಜನವರಿ 27ರಂದು ನೆಲಮಾಳಿಗೆಯಲ್ಲಿ ಮುದ್ರಿಸಿದ್ದಕ್ಕೆ 30ರ ತಾರಸಿಯ ಮಾತನ್ನು ಅಂಟಿಸಿದ್ದು. ಆ ತಟ್ಟೆಯಲ್ಲಿ ನಿಜವಾಗಿ ತಾರಸಿಯಿಂದ ಬಂದವು ‘ಡಿಗ್ ಎ ಪೋನಿ’, ‘ಐ ಹ್ಯಾವ್ ಗಾಟ್ ಎ ಫೀಲಿಂಗ್’, ‘ಒನ್ ಆಫ್ಟರ್ 909’ ಮೂರೇ.

ಪಕ್ಕವಾದ್ಯ

ಭಲೇ. ಹಾಗಾದರೆ ಎರಡೂ ಕಡೆ ಕತ್ತರಿ, ಎರಡೂ ಕಡೆ ಅಂಟು.

ಇನ್ನೊಂದು. ಪಾಲ್ ಮುಂದೆ ವೇದಿಕೆಯ ಮೇಲೆ ಈ ಹಾಡನ್ನು ಹೇಗೆ ಹಾಡಿದರು? 1976ರ ಪ್ರವಾಸದಲ್ಲಿ ಊದುವಾದ್ಯಗಳ ಜೊತೆ. ಆಮೇಲಿನ ಪ್ರವಾಸಗಳಲ್ಲಿ ಕೀಬೋರ್ಡಿನಿಂದ ಬರುವ ಪಿಟೀಲುಗಳ ಜೊತೆ. ನಮ್ಮ ಪಿಟೀಲಿಗೆ ಬೈದು, ಯಂತ್ರದ ಪಿಟೀಲಿಗೆ ಸಂಭಾವನೆಯೂ ಇಲ್ಲದೆ ಕೆಲಸ ಕೊಟ್ಟ ಮನುಷ್ಯ. ಇದನ್ನು ನಾನು ಕ್ಷಮಿಸುವುದಿಲ್ಲ.

ಲೆಕ್ಕದ ಪುಸ್ತಕ

ಸ್ಪೆಕ್ಟರನೂ ಇದೇ ರೀತಿ ಚುಚ್ಚುತ್ತಿದ್ದ: ಅಷ್ಟು ಬೇಡವಾಗಿದ್ದರೆ ಇದರ ಸಂಗೀತಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ಪಾಲ್ ಹೋಗಿ ತೆಗೆದುಕೊಂಡದ್ದು ಯಾಕೆ ಎಂದು. ಅವನ ನೆನಪೂ ಜಾರಿದೆ. 1971ರಲ್ಲಿ ಆಸ್ಕರ್ ಸ್ವೀಕರಿಸಿದವರು ತಂಡದ ಪರವಾಗಿ ಕ್ವಿನ್ಸಿ ಜೋನ್ಸ್. ಪಾಲ್ ಹೆಂಡತಿ ಲಿಂಡಾ ಜೊತೆ ಹೋಗಿ ತೆಗೆದುಕೊಂಡದ್ದು ಅದೇ ವರ್ಷದ ಮಾರ್ಚಿನ ಗ್ರ್ಯಾಮಿಯನ್ನು. ಬಾಣ ಸರಿ, ಗುರಿಯ ಹೆಸರು ತಪ್ಪು.

‘ನೇಕೆಡ್’ ಬಂದದ್ದು 2003ರ ನವೆಂಬರ್ 17ರಂದು. ಅದೇ ವಾರ, 20ರಂದು, ಸ್ಪೆಕ್ಟರನ ಮೇಲೆ ಕೊಲೆ ಆರೋಪ ದಾಖಲಾಯಿತು. 2009ರಲ್ಲಿ ಶಿಕ್ಷೆಯಾಯಿತು, 2021ರ ಜನವರಿಯಲ್ಲಿ ಸೆರೆಯಲ್ಲಿದ್ದಾಗಲೇ ಸತ್ತ. ಕೊಲೆಗಾರನ ಪಿಟೀಲನ್ನು ಇಂದು ನ್ಯಾಯವಾಗಿ ಕೇಳುವುದು ಕಷ್ಟ. ಆದರೆ 1970ರ ಏಪ್ರಿಲ್ 1ರಂದು ನಡೆದದ್ದನ್ನು 2003ರ ಅಪರಾಧದಿಂದ ಅಳೆಯಬಾರದೆಂದು ನನ್ನ ಹಟ.

ಮಲೆನಾಡಿನ ರೇಡಿಯೋ

ಆ ಜನವರಿಯ ಚಿತ್ರೀಕರಣದಿಂದ ಪೀಟರ್ ಜಾಕ್ಸನ್ ಮಾಡಿದ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರ ಎಂಟು ಗಂಟೆ ಕೂತು ನೋಡಿದೆ. ಅಲ್ಲಿ ಅವರು ಜಗಳವಾಡುವುದಕ್ಕಿಂತ ನಗುವುದೇ ಹೆಚ್ಚು. ಹಾಗಾದರೆ ‘ನರಕದ ಜನವರಿ’ ಎಂದು ಓದಿದ್ದೆಲ್ಲ ಕಟ್ಟುಕಥೆಯೇ?

ಧ್ವನಿಪೆಟ್ಟಿಗೆ

ಹಾಗೆಂದು ಹಾರಬೇಡಿ. ಸುಮಾರು 60 ಗಂಟೆ ಚಿತ್ರ, 150 ಗಂಟೆ ಧ್ವನಿ ಇತ್ತು. ಲಿಂಡ್ಸೆ-ಹಾಗ್ 1970ರಲ್ಲಿ ಅದರಿಂದ ಎಂಬತ್ತು ನಿಮಿಷ ಆರಿಸಿಕೊಂಡರು, ಜಾಕ್ಸನ್ 2021ರಲ್ಲಿ ಎಂಟು ಗಂಟೆ. ತಂಡ ಒಡೆದ ಸುದ್ದಿಯ ಮರುತಿಂಗಳು ಮೊದಲ ಚಿತ್ರ ನೋಡಿದವರಿಗೆ ಪ್ರತಿ ಮೌನವೂ ಸಾವಿನ ಮನೆಯ ಮೌನವಾಗಿ ಕಂಡಿತು. 2024ರ ಮೇ 8ರಂದು ಆ ಹಳೆಯ ಚಿತ್ರ ತಿದ್ದಿ ತೊಳೆದು ಮತ್ತೆ ಬಂದಿದೆ, ನೋಡಿ. ನೆನಪಿನಲ್ಲಿದ್ದಷ್ಟು ಕತ್ತಲು ಅದರಲ್ಲಿಲ್ಲ.

ಜಾರ್ಜ್ ಎದ್ದು ಹೋದದ್ದನ್ನೇ ತೆಗೆದುಕೊಳ್ಳಿ. ಹಳೆಯ ಚಿತ್ರದಲ್ಲಿ ಪಾಲ್ ಅವರೊಂದಿಗಿನ ಕಿರಿಕಿರಿ ಇದೆ, ಜಾರ್ಜ್ ಹೊರಟದ್ದು ಇಲ್ಲವೇ ಇಲ್ಲ. ಹಾಗಾಗಿ ಐವತ್ತು ವರ್ಷ ಎಲ್ಲರೂ ತಪ್ಪನ್ನು ಪಾಲ್ ಹೆಗಲಿಗೆ ಹಾಕಿದರು. ಜಾಕ್ಸನ್ ಚಿತ್ರದಲ್ಲಿ ಊಟದ ಕೋಣೆಯ ಹೂಕುಂಡದಲ್ಲಿ ಅಡಗಿಸಿಟ್ಟ ಮೈಕಿಗೆ ಜಾನ್ ಮತ್ತು ಪಾಲ್ ಮಾತು ಸಿಕ್ಕಿದೆ. ಇದು ನಾವಿಬ್ಬರೂ ಬೆಳೆಯಲು ಬಿಟ್ಟ ಗಾಯ ಎಂಬರ್ಥದಲ್ಲಿ ಜಾನ್ ಹೇಳುತ್ತಾರೆ. ಆಮೇಲೆ ಕೊಟ್ಟ ಯಾವ ಸಂದರ್ಶನದಲ್ಲೂ ಜಾನ್ ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಓದಿಲ್ಲ.

ಈ ಚಿತ್ರದ ಜೊತೆಗಿದ್ದ ಧ್ವನಿ ಟೇಪುಗಳೇ ಕಳವಾಗಿದ್ದವು. 2003ರ ಜನವರಿಯಲ್ಲಿ ಪೊಲೀಸರು ಸುಮಾರು 500 ಟೇಪುಗಳನ್ನು ನೆದರ್ಲೆಂಡ್ಸ್‌ನಲ್ಲಿ ವಶಪಡಿಸಿಕೊಂಡರು. ಅಷ್ಟು ಕಾಲ ನಾವೆಲ್ಲ ತೀರ್ಪು ಕೊಡುತ್ತಿದ್ದುದು ಕಡತವಿಲ್ಲದೆ.

ಎರಡನೇ ಮಗ್ಗುಲು

ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಪಿಟೀಲು ಕೆಟ್ಟದ್ದೆಂಬ ಮಾತು ವಾಪಸ್. ಕೇಳಲಿಲ್ಲ ಎಂಬುದು ಮಾತ್ರ ನನ್ನ ದೂರು, ಅದನ್ನು ಬಿಡುವುದಿಲ್ಲ. ಪತ್ರದ ನಾಲ್ಕನೆಯ ಸಾಲು ಹಾರ್ಪ್ ಬಗ್ಗೆ ಅಲ್ಲ.

ಪಕ್ಕವಾದ್ಯ

ಅದಕ್ಕೆ ನನ್ನ ಸಹಿಯೂ ಇದೆ. ಕೂಲಿಗೆ ನುಡಿಸುವವರನ್ನಂತೂ ಯಾರೂ ಎಂದೂ ಕೇಳಿದ್ದಿಲ್ಲ.

ಒಂದು ಅಂಕಿ ಮಾತ್ರ ಇಟ್ಟು ಹೋಗುತ್ತೇನೆ. 1970ರ ಜೂನಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಈ ಹಾಡು ಮೊದಲ ಸ್ಥಾನಕ್ಕೇರಿತು. ಅಲ್ಲಿ ಬೀಟಲ್ಸ್‌ಗೆ ದಕ್ಕಿದ ಕೊನೆಯ ಮೊದಲ ಸ್ಥಾನ. ಹಾರ್ಪ್ ಸಮೇತ.

ಸೂಜಿಮೊನೆ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಮೂರನ್ನೂ ಒಂದರ ಹಿಂದೆ ಒಂದು ಕೇಳಿದೆ: 1970, 1996, 2003. ಪತ್ರದ ಮೂರನೆಯ ಬೇಡಿಕೆ ಮನಸ್ಸಿನಲ್ಲಿಟ್ಟುಕೊಂಡು 1970ರದರ ಕೊನೆಯನ್ನು ಆರೇಳು ಸಲ ಕೇಳಿದೆ. ಹಾರ್ಪಿಗೆ ಕಿವಿ ಕೊಟ್ಟರೆ ಪಿಯಾನೋ ತಪ್ಪುತ್ತದೆ, ಪಿಯಾನೋ ಹಿಡಿಯಲು ಹೋದರೆ ಹಾರ್ಪ್ ಅಡ್ಡ ಬರುತ್ತದೆ.

ಸದ್ದಿಗೆ ಅತ್ತೆ ಬಂದು ಕುಳಿತರು. ಈ ರೆಕಾರ್ಡು ಮಾವ ಕೊಂಡದ್ದೇ ಎಂದು ಕೇಳಿದೆ. ಅಲ್ಲವಂತೆ. ಎದುರುಮನೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನವರು ವರ್ಗವಾಗಿ ಹೋಗುವಾಗ ಕೊಟ್ಟು ಹೋದದ್ದಂತೆ. ಇಂದು ಬೆಳಿಗ್ಗೆ ಭಾವನಿಗೆ ಫೋನ್ ಮಾಡಿದರೆ, ಕೊಟ್ಟು ಹೋದದ್ದಲ್ಲ, ಅಪ್ಪ ಎರವಲು ತಂದು ಹಿಂತಿರುಗಿಸಲೇ ಇಲ್ಲ, ಅದಕ್ಕಾಗಿ ಎರಡು ಮನೆಗಳಿಗೂ ಮಾತು ನಿಂತಿತ್ತು ಎನ್ನುತ್ತಾರೆ. ಪಕ್ಕದಲ್ಲೇ ಇದ್ದ ಅತ್ತೆ ಫೋನ್ ಕಸಿದುಕೊಂಡು, ಮಾತು ನಿಂತದ್ದು ನೀರಿನ ವಿಷಯಕ್ಕೆ ಎಂದರು.

ಹೊದಿಕೆಯ ಒಳಗೆ ಪೆನ್ಸಿಲ್ಲಿನಲ್ಲಿ ಯಾರದೋ ಹೆಸರಿನ ಮೊದಲ ಅಕ್ಷರ ಇದೆ. ಉಳಿದದ್ದು ಅಳಿಸಿಹೋಗಿದೆ.